ಒರಗಿಕೊಳ್ಳುವವರು, ಹೊರುವವರು

1950ರಲ್ಲಿ ಅಮೆರಿಕಕ್ಕೆ ಹೋದ ಜಪಾನಿನ ಮನೋವೈದ್ಯ ತಾಕೆಯೊ ದೋಯಿ ಅವರನ್ನು ಅಲ್ಲಿನ ಮನೆಯೊಂದರಲ್ಲಿ ಕೇಳಿದರು: ಹಸಿವಾಗಿದೆಯೆ, ಐಸ್‌ಕ್ರೀಂ ಕೊಡಲೆ? ಹಸಿದಿದ್ದರೂ ಅವರು ಬೇಡವೆಂದರು, ಇನ್ನೊಮ್ಮೆ ಒತ್ತಾಯಿಸಿಯಾರು ಎಂದುಕೊಂಡರು. ಯಾರೂ ಒತ್ತಾಯಿಸಲಿಲ್ಲ. ಮಂಗಳೂರಿನ ಕದ್ರಿಯಲ್ಲೋ ಬಿಜೈಯಲ್ಲೋ ಇದು ನಡೆಯುವ ಮಾತಲ್ಲ. ಇಲ್ಲಿ ಮೊದಲ ‘ಬೇಡ’ವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬಾಯಿಬಿಟ್ಟು ಕೇಳದೆಯೇ ತನ್ನನ್ನು ಅರಿತು ಮುದ್ದಿಸಬೇಕೆಂಬ ಈ ನಿರೀಕ್ಷೆಗೆ ಜಪಾನಿನಲ್ಲಿ ‘ಅಮಾಯೆ’ ಎನ್ನುತ್ತಾರೆ. ತಾಯಿ-ಮಗುವಿನ ನಡುವೆ ಮೊಳೆಯುವ ಅದು ದೊಡ್ಡವರ ಸಂಬಂಧಗಳಿಗೂ ಬೇರು ಎಂದು ದೋಯಿ 1971ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಅದಕ್ಕೂ ಮುಂಚೆ, 1969ರಲ್ಲಿ, ಕಾಡಿಲ್ ಮತ್ತು ವೈನ್‌ಸ್ಟೈನ್ ಮೂರು-ನಾಲ್ಕು ತಿಂಗಳ ಶಿಶುಗಳ ಅಧ್ಯಯನ ಪ್ರಕಟಿಸಿದ್ದರು. ಜಪಾನಿನ ತಾಯಂದಿರು ಮಗುವನ್ನು ಹೆಚ್ಚು ಎತ್ತಿ ತೂಗಿ ಸಮಾಧಾನಪಡಿಸುತ್ತಿದ್ದರು, ಅಮೆರಿಕದವರು ಹೆಚ್ಚು ಮಾತಾಡಿಸುತ್ತಿದ್ದರು.

ಮಂಗಳೂರಿನ ಸುತ್ತಲ ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ಮಗು ಒಬ್ಬ ತಾಯಿಗಷ್ಟೇ ಅಂಟಿಕೊಂಡಿರಲಿಲ್ಲ. ಬಂಟ, ಬಿಲ್ಲವ, ಮೊಗವೀರ ಮುಂತಾದ ಸಮುದಾಯಗಳಲ್ಲಿ ವಂಶ ತಾಯಿಯ ಕಡೆಯದು; ಸೋದರಮಾವನೇ ಆಸರೆ, ಅಜ್ಜಿ-ದೊಡ್ಡಮ್ಮಂದಿರ ಮಡಿಲೂ ಹಕ್ಕಿನದೇ. ಈ ಅಳಿಯಕಟ್ಟಿನ ಮೂಲ ಹೇಳುವ ಭೂತಾಳ ಪಾಂಡ್ಯನ ಐತಿಹ್ಯವಾದರೋ ಭಯಾನಕ: ಭೂತ ಕೇಳಿದ ಬಲಿಗೆ ಮಗನನ್ನು ಕೊಡಲು ರಾಜನ ಹೆಂಡತಿ ಒಪ್ಪದಿದ್ದಾಗ ತಂಗಿ ತನ್ನ ಮಗನನ್ನು ಮುಂದಿಟ್ಟಳು, ಪ್ರಸನ್ನವಾದ ಭೂತ ಅವನನ್ನು ಉಳಿಸಿ ಆಸ್ತಿಯ ಹಕ್ಕನ್ನು ಅಳಿಯನಿಗೆ ಕೊಡಿಸಿತು.

ದೈವದ ಎದುರೂ ಮಡಿಲಿನ ಮಗುವಿನದೇ ಸಲುಗೆ. ದೈವಾರಾಧನೆಯ ನೇಮದಲ್ಲಿ ಕುಟುಂಬದವರು ಕೈಮುಗಿಯುವುದಷ್ಟೇ ಅಲ್ಲ, ನಂಬಿದವರಿಗೆ ಈ ಕಷ್ಟ ಯಾಕೆಂದು ದೂರುತ್ತಾರೆ. ದೈವ ಅಭಯದ ನುಡಿ ಕೊಡಲೇಬೇಕು. ಮುನಿಸಿಕೊಳ್ಳುವ ಅಧಿಕಾರವಿಲ್ಲದ ಕಡೆ ಭಕ್ತಿ ಬರೀ ಅಂಜಿಕೆಯಾದೀತು.

ಒರಗಿಕೊಳ್ಳುವುದಕ್ಕೆ ತತ್ತ್ವದ ಬಲವೂ ಇಲ್ಲಿದೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ‘ತತ್ತ್ವಸಂಖ್ಯಾನ’ದಲ್ಲಿ ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದರು. ಸ್ವತಂತ್ರನು ವಿಷ್ಣುವೊಬ್ಬನೇ, ಜೀವರೆಲ್ಲ ಪರಾಧೀನರು. ಆ ಏಕಮಾತ್ರ ಸ್ವತಂತ್ರನೇ ಉಡುಪಿಯಲ್ಲಿ ಕಡೆಗೋಲು ಹಿಡಿದ ಬಾಲಕ ಕೃಷ್ಣ. ಜಗತ್ತೇ ಯಾರ ಅಧೀನವೋ ಅವನಿಗೆ ಅಲಂಕಾರ, ನೈವೇದ್ಯಗಳ ಉಪಚಾರ! ಇಲ್ಲಿ ಪರಾಧೀನತೆ ದಾಟಿಹೋಗಬೇಕಾದ ಬಾಲ್ಯದ ಕೊರತೆಯಲ್ಲ, ಜೀವದ ಸ್ವಭಾವ.

ಆದರೆ ಮನುಷ್ಯ ಯಜಮಾನ ದೇವರಲ್ಲ. ಅಳಿಯಸಂತಾನದ ಮನೆಯಲ್ಲಿ ಅಳಿಯಂದಿರು ಯಜಮಾನನಾದ ಮಾವನ ಮರ್ಜಿ ಕಾಯಬೇಕಿತ್ತು. ತಂದೆಯ ಕುಟುಂಬದ ಆಸ್ತಿಯಲ್ಲಿ ಅವನ ಸ್ವಂತ ಮಕ್ಕಳಿಗೆ ಪಾಲಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಕುಟುಂಬದ ತಾಯಿಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಹಳೆಯ ಕಟ್ಟನ್ನು ಇನ್ನಷ್ಟು ಸಡಿಲಿಸಿತು. ಅದು ಆಗಲೇಬೇಕಿದ್ದ ನ್ಯಾಯ.

ಗದ್ದೆ ಹಂಚಿಕೊಂಡ ಎಷ್ಟೋ ಕುಟುಂಬಗಳು ಮೂಲಮನೆಯನ್ನೂ ದೈವಸ್ಥಾನವನ್ನೂ ಹಂಚದೆ ಉಳಿಸಿಕೊಂಡಿವೆ. ಮುಂಬಯಿಯವರೂ ದುಬೈಯವರೂ ನೇಮಕ್ಕೆಂದು ಬರುತ್ತಾರೆ, ಖರ್ಚಿನ ಪಾಲು ಕೊಡುತ್ತಾರೆ. ಊರಲ್ಲೇ ಉಳಿದು ಮುದುಕರ ಔಷಧಿ, ಬಾಣಂತಿಯ ಆರೈಕೆ, ಮಗುವಿನ ರಾತ್ರಿಯ ಅಳುವನ್ನು ನೋಡಿಕೊಳ್ಳುವವರು ಹೆಚ್ಚಾಗಿ ಹೆಂಗಸರೇ. ಆ ದುಡಿಮೆಯ ಪಾಲನ್ನು ಮಾತ್ರ ಇನ್ನೂ ಯಾವ ಕುಟುಂಬದ ಸಭೆಯೂ ಸರಿಯಾಗಿ ಲೆಕ್ಕ ಹಾಕಿದಂತಿಲ್ಲ.