ಹಳ್ಳಿ ಯಾರ ಕೋಟಾ?

ಒಂದು ಪ್ರಶ್ನೆ ಕೇಳ್ತೀನಿ. ಕಾನೂನು ನಿಮಗೆ ಕೊಟ್ಟಿರೋ ಒಂದು ಅನುಕೂಲ ಇದೆ. ಅದನ್ನು ಪಡೆಯೋಕೆ ಸುಳ್ಳು ಹೇಳಬೇಕಿಲ್ಲ, ಲಂಚ ಕೊಡಬೇಕಿಲ್ಲ, ಯಾರ ಕಾಲೂ ಹಿಡಿಯಬೇಕಿಲ್ಲ. ಫಾರ್ಮಿನಲ್ಲಿ ಕೇಳಿದ್ದಕ್ಕೆಲ್ಲ ಸತ್ಯವನ್ನೇ ಬರೆದರೂ ನೀವು ಅರ್ಹರು. ಆದರೆ ಒಳಗಿಂದ ಒಂದು ಸಣ್ಣ ದನಿ, 'ಇದು ನಿನಗೋಸ್ಕರ ಮಾಡಿದ್ದಲ್ಲ ಮಾರಾಯ' ಅನ್ನುತ್ತೆ. ಆಗ ಏನು ಮಾಡಬೇಕು?

ನನ್ನ ಮಟ್ಟಿಗೆ ಈ ಪ್ರಶ್ನೆ ಬಂದಿದ್ದು ನವೋದಯ ಶಾಲೆಯ ಅರ್ಜಿಯ ರೂಪದಲ್ಲಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಜವಾಹರ್ ನವೋದಯ ವಿದ್ಯಾಲಯಗಳು ಶುರುವಾಗಿದ್ದು 1985-86ರಲ್ಲಿ, ಮೊದಲು ಹರಿಯಾಣದ ಝಜ್ಜರ್ ಮತ್ತು ಮಹಾರಾಷ್ಟ್ರದ ಅಮರಾವತಿಯಲ್ಲಿ. ಈಗ ತಮಿಳುನಾಡು ಬಿಟ್ಟು ದೇಶದ ಹೆಚ್ಚುಕಡಿಮೆ ಎಲ್ಲಾ ಜಿಲ್ಲೆಗಳಲ್ಲೂ ಇವೆ. ಆರನೇ ಕ್ಲಾಸಿಗೆ ಹೆಚ್ಚೆಂದರೆ 80 ಸೀಟು. ಅದರಲ್ಲಿ ಕನಿಷ್ಠ ಶೇಕಡಾ 75 ಗ್ರಾಮೀಣ ಮಕ್ಕಳಿಗೆ, ಮೂರನೇ ಒಂದು ಭಾಗ ಹುಡುಗಿಯರಿಗೆ. ಊಟ, ವಸತಿ, ಬಟ್ಟೆ, ಪುಸ್ತಕ ಎಲ್ಲ ಉಚಿತ. ಒಂಬತ್ತನೇ ಕ್ಲಾಸಿನಿಂದ ಕೆಲವರು ತಿಂಗಳಿಗೆ 600 ರೂಪಾಯಿ ವಿಕಾಸ ನಿಧಿ ಕಟ್ಟಬೇಕು. ಹುಡುಗಿಯರಿಗೆ, ಪರಿಶಿಷ್ಟರಿಗೆ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ನಮ್ಮ ಉತ್ತರ ಕನ್ನಡಕ್ಕೆ ಇರೋದು ಮುಂಡಗೋಡದಲ್ಲಿ. ಕಾರವಾರದ ಮಗುವೂ, ಭಟ್ಕಳದ ಮಗುವೂ, ಜೋಯ್ಡಾದ ಕಾಡಿನೊಳಗಿನ ಮಗುವೂ ಆ 80ಕ್ಕೇ ಬರೆಯಬೇಕು.

ಪರೀಕ್ಷೆ ಎರಡು ಗಂಟೆ. ಬುದ್ಧಿಶಕ್ತಿಯ 40 ಪ್ರಶ್ನೆ, ಗಣಿತದ 20, ಭಾಷೆಯ 20. ಕನ್ನಡದಲ್ಲೇ ಬರೆಯಬಹುದು. ಒಂದು ಮಗುವಿಗೆ ಜೀವನದಲ್ಲಿ ಒಂದೇ ಅವಕಾಶ.

ಗ್ರಾಮೀಣ ಕೋಟಾದ ನಿಯಮ ಹೀಗಿದೆ: ಮಗು ಮೂರು, ನಾಲ್ಕು, ಐದನೇ ಕ್ಲಾಸನ್ನು ಪೂರ್ತಿ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಒಂದು ದಿನ ನಗರದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಅಲ್ಲ. ಅಪ್ಪನ ಸಂಬಳ ಎಷ್ಟು ಅಂತ ನಿಯಮ ನೋಡುವುದಿಲ್ಲ. ಕುಟುಂಬದ ಆರ್ಥಿಕ ಸ್ಥಿತಿ ಏನೇ ಇರಲಿ, ಮುಖ್ಯವಾಗಿ ಹಳ್ಳಿಯ ಪ್ರತಿಭಾವಂತ ಮಕ್ಕಳಿಗೆ ಒಳ್ಳೆ ಶಿಕ್ಷಣ ಕೊಡೋದು ಅನ್ನೋದೇ ಯೋಜನೆಯ ಉದ್ದೇಶ.

ಇಲ್ಲಿ ನನ್ನ ಕಥೆ ಬರುತ್ತೆ. ನಾನು ಹುಟ್ಟಿ ಬೆಳೆದಿದ್ದು ಶಿರಸಿ ತಾಲೂಕಿನ ಹೆಗಡೆಕಟ್ಟಾದಲ್ಲಿ. ಬಿಇ ಮುಗಿಸಿ ಬೆಂಗಳೂರಿಗೆ ಹೋದವನು 2020ರ ಲಾಕ್‌ಡೌನಿಗೆ ಊರಿಗೆ ಬಂದೆ, ವಾಪಸ್ ಹೋಗಲಿಲ್ಲ. ತಿಂಗಳಿಗೊಮ್ಮೆ ಆಫೀಸಿಗೆ ಮುಖ ತೋರಿಸಿ ಬರ್ತೀನಿ. ಸಂಬಳ ಬೆಂಗಳೂರಿನದ್ದು, ಅಡಿಕೆ ತೋಟ ಊರಿನದ್ದು, ಮಗಳು ಊರಿನ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು. ನಿಯಮದ ಪ್ರಕಾರ ಅವಳು ಅಪ್ಪಟ ಗ್ರಾಮೀಣ ವಿದ್ಯಾರ್ಥಿನಿ.

ಅವಳದೇ ಕ್ಲಾಸಿನಲ್ಲಿ ನಮ್ಮ ತೋಟಕ್ಕೆ ಬರುವ ಕೊನೆಗೌಡನ ಮಗ ಇದ್ದಾನೆ. ಘಟ್ಟದ ಕೆಳಗಿನವರಿಗೆ, ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ: ಕೊನೆಗೌಡ ಅಂದರೆ ಅಡಿಕೆ ಮರ ಹತ್ತಿ ಕೊನೆ ಇಳಿಸುವವನು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವವನು. ಜಾರುವ ಮರದ ಮೇಲೆ ನಿಂತು ಕೆಲಸ ಮಾಡುವವರು ಈಗ ಬೆರಳೆಣಿಕೆ. ಅವನ ಮಗ ಬಾಯಿಲೆಕ್ಕದಲ್ಲಿ ನನ್ನ ಮಗಳಿಗಿಂತ ಚುರುಕು. ಕ್ವಿಂಟಾಲಿಗೆ ಇಷ್ಟಾದರೆ ಹದಿನೇಳು ಕೇಜಿಗೆ ಎಷ್ಟು ಅಂದರೆ ನಾನು ಮೊಬೈಲ್ ತೆಗೆಯೋದರೊಳಗೆ ಹೇಳ್ತಾನೆ. ಆದರೆ ಬುದ್ಧಿಶಕ್ತಿ ವಿಭಾಗದ ಆಕೃತಿ ಪ್ರಶ್ನೆಗಳು, ಅಂದರೆ 'ಈ ಚಿತ್ರ ತಿರುಗಿಸಿದರೆ ಮುಂದಿನದು ಯಾವುದು' ಅನ್ನುವಂಥವು, ಅವನಿಗೆ ಹೊಸದು. ನನ್ನ ಮಗಳು ಆರನೇ ವರ್ಷದಿಂದ ಟ್ಯಾಬಿನಲ್ಲಿ ಪಝಲ್ ಆಡಿದ್ದಾಳೆ. 40 ಪ್ರಶ್ನೆ, 50 ಅಂಕ. ನೂರರಲ್ಲಿ ಅರ್ಧ ಅಲ್ಲೇ ಇದೆ.

ಇಬ್ಬರೂ ಒಂದೇ ಶಾಲೆ, ಒಂದೇ ಬಿಸಿಯೂಟ, ಒಂದೇ ಕೋಟಾ. ಫಾರ್ಮಿಗೆ ಇಬ್ಬರ ನಡುವೆ ವ್ಯತ್ಯಾಸ ಕಾಣಲ್ಲ. ನನಗೆ ಕಾಣುತ್ತೆ.

ತಮಾಷೆ ಏನು ಗೊತ್ತಾ? ನ್ಯಾಯವಾಗಿ ನಡೆದುಕೊಳ್ಳೋಣ ಅಂತ ನಾನು 'ನಗರ' ಅಂತ ಟಿಕ್ ಮಾಡಿದರೆ ಅದು ಸುಳ್ಳು ಮಾಹಿತಿ. ಅಂದರೆ ಇರೋದು ಎರಡೇ ದಾರಿ: ಹಳ್ಳಿ ಅಂತ ಬರೆದು ಅರ್ಜಿ ಹಾಕೋದು, ಇಲ್ಲ ಸುಮ್ಮನಿರೋದು.

ಇದೇ ಹೊತ್ತಿಗೆ ಬೆಂಗಳೂರಿನ ಸಹೋದ್ಯೋಗಿಯೊಬ್ಬರು ಫೋನ್ ಮಾಡಿದರು. ಅವರ ಮಗಳನ್ನು ಅಮೆರಿಕದ ಬೋರ್ಡಿಂಗ್ ಸ್ಕೂಲಿಗೆ ಸೇರಿಸುವ ತಯಾರಿ. ಅಲ್ಲಿನ ಪದ್ಧತಿ ಪೂರ್ತಿ ಬೇರೆ. ಎಸ್‌ಎಸ್‌ಎಟಿ ಅನ್ನೋ ಪರೀಕ್ಷೆ ಇದೆ, ಜೊತೆಗೆ ಇಂಗ್ಲಿಷ್ ಪರೀಕ್ಷೆ, ಟೀಚರುಗಳ ಶಿಫಾರಸು, ಸಂದರ್ಶನ, ಅಪ್ಪ-ಅಮ್ಮನ ಹೇಳಿಕೆ, ಎಲ್ಲಕ್ಕಿಂತ ಮುಖ್ಯವಾಗಿ ಮಗುವೇ ತನ್ನ ಬಗ್ಗೆ ಬರೆಯುವ ಪ್ರಬಂಧ. ಹೆಚ್ಚಿನ ಶಾಲೆಗಳಿಗೆ ಜನವರಿ ಮಧ್ಯದಲ್ಲಿ ಅರ್ಜಿ, ಮಾರ್ಚ್ 10ಕ್ಕೆ ಫಲಿತಾಂಶ. ವಿದೇಶಿ ವಿದ್ಯಾರ್ಥಿಗಳ ಸಾಲು ಉದ್ದ, ಆರ್ಥಿಕ ನೆರವು ಕೇಳುವವರ ಬಾಗಿಲು ಇನ್ನೂ ಸಣ್ಣದು. ಇವರು ಒಬ್ಬ ಕನ್ಸಲ್ಟೆಂಟನ್ನು ಹಿಡಿದಿದ್ದರು. ಆತನ ಸಲಹೆ: ಕೋಡಿಂಗ್, ಪಿಯಾನೊ, ಚೆಸ್ ಎಲ್ಲರೂ ಬರೀತಾರೆ, ಅಜ್ಜನ ಹಳ್ಳಿ ಬಗ್ಗೆ ಬರೆಸಿ.

ಅಜ್ಜನ ಮನೆ ಸಿದ್ದಾಪುರದ ಕಡೆ. ಹುಡುಗಿ ವರ್ಷಕ್ಕೆ ನಾಲ್ಕು ದಿನ ಹೋಗಿ ಬರ್ತಾಳೆ. "ನೀವು ಅಲ್ಲೇ ಇದ್ದೀರಲ್ಲ, ಅಡಿಕೆ, ಕೊಳೆರೋಗ, ಕೂಲಿಯವರ ಕಷ್ಟ, ಸ್ವಲ್ಪ ಡೀಟೇಲ್ಸ್ ಹೇಳಿ ಸರ್" ಅಂದರು.

ಆಗ ನನಗೆ ಹೊಳೀತು. ನವೋದಯದ ಫಾರ್ಮಿನಲ್ಲಿ ಹಳ್ಳಿ ಒಂದು ಟಿಕ್ ಮಾರ್ಕು. ಅಮೆರಿಕದ ಫಾರ್ಮಿನಲ್ಲಿ ಹಳ್ಳಿ ಒಂದು ಕಥೆ. ಎರಡೂ ಕಡೆ ಅದಕ್ಕೆ ಬೆಲೆ ಇದೆ. ಆ ಬೆಲೆ ಹಳ್ಳಿಯ ಕಷ್ಟದಿಂದ ಬಂದಿದ್ದು. ಅದನ್ನು ನಗದು ಮಾಡಿಕೊಳ್ಳೋಕೆ ಹೊರಟಿರೋದು ಮಾತ್ರ ನಾನು ಮತ್ತು ನನ್ನ ಸಹೋದ್ಯೋಗಿ, ಆ ಕಷ್ಟದಿಂದ ಹೊರಗೆ ಬಂದವರು.

ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ: ನೀನು ನೋಡಿದ್ದನ್ನು ಮಾತ್ರ ಬರಿ. ಅವಳು ಬರೆದಿದ್ದು ಉಂಬಳ ಕಚ್ಚಿದ್ದು, ಅಂಗಳದ ಯಾವ ಮೂಲೆಯಲ್ಲಿ ನೆಟ್‌ವರ್ಕ್ ಸಿಗುತ್ತೆ ಅನ್ನೋದು, ಮತ್ತು ಅಜ್ಜನ ಜೊತೆ ಮಾತಾಡೋಕೆ ತನಗೆ ಕನ್ನಡ ಸಾಲಲ್ಲ ಅನ್ನೋದು. ಕನ್ಸಲ್ಟೆಂಟಿಗೆ ಇಷ್ಟವಾಗಲಿಲ್ಲವಂತೆ. ನನಗೆ ಇಷ್ಟವಾಯ್ತು. ಅದರಲ್ಲಿ ಬೇರೆಯವರ ಕಷ್ಟದ ಒಂದು ಸಾಲೂ ಇರಲಿಲ್ಲ.

ಈಗ ನನ್ನ ಫಾರ್ಮಿಗೆ ವಾಪಸ್ ಬರೋಣ. ಹೆಂಡತಿಯ ವಾದ ಗಟ್ಟಿಯಾಗಿತ್ತು. "ನಿಯಮ ಮುರೀತಿಲ್ಲ. ಯೋಜನೆಯೇ ಆರ್ಥಿಕ ಸ್ಥಿತಿ ನೋಡಲ್ಲ ಅನ್ನುತ್ತೆ. ನಾವು ಬೇರೆಯವರ ಹಾಗೆ ಮಗಳನ್ನು ಕಾನ್ವೆಂಟಿಗೆ ಹಾಕದೆ ಊರಿನ ಶಾಲೆಗೇ ಕಳಿಸಿದ್ದೀವಿ. ಅವಳಿಗೂ ಇರೋದು ಒಂದೇ ಅವಕಾಶ. ನಿಮ್ಮ ಆತ್ಮಸಾಕ್ಷಿಗೆ ಅವಳ್ಯಾಕೆ ದುಡ್ಡು ಕಟ್ಟಬೇಕು?"

ಕೊನೆಯ ಪ್ರಶ್ನೆ ಸುಲಭದ್ದಲ್ಲ. 2015ರಲ್ಲಿ ಗ್ಯಾಸ್ ಸಬ್ಸಿಡಿ ಬಿಟ್ಟುಕೊಡಿ ಅಂದಾಗ ನಮ್ಮಲ್ಲಿ ಅನೇಕರು ಬಿಟ್ಟುಕೊಟ್ಟರು. ಅದು ನಮ್ಮ ದುಡ್ಡು, ನಮ್ಮ ತೀರ್ಮಾನ. ಇಲ್ಲಿ ತೀರ್ಮಾನ ನನ್ನದು, ಹೋಗೋದು ಮಗಳದ್ದು. ನನ್ನ ಆಯಿಯ ಆಕ್ಷೇಪವಂತೂ ಬೇರೆಯೇ: "ಹತ್ತು ವರ್ಷದ ಕೂಸು, ಅಲ್ಲಿ ಹೋಗಿ ಎಂತ ಮಾಡ್ತು?" ಆಯಿಗೆ ನ್ಯಾಯ ಅನ್ಯಾಯ ಆಮೇಲೆ, ಮೊದಲು ಮೊಮ್ಮಗಳ ತಲೆಗೆ ಎಣ್ಣೆ ಹಾಕುವವರು ಯಾರು ಅನ್ನೋ ಚಿಂತೆ.

ನನಗೆ ದಾರಿ ತೋರಿಸಿದ್ದು ಒಂದು ಹಳೇ ಶಾಲೆಯ ಚರಿತ್ರೆ. ಇಂಗ್ಲೆಂಡಿನ ಈಟನ್ ಕಾಲೇಜನ್ನು ಆರನೇ ಹೆನ್ರಿ 1440ರಲ್ಲಿ ಕಟ್ಟಿಸಿದ್ದು 70 ಬಡ ಹುಡುಗರಿಗೆ ಉಚಿತವಾಗಿ ವಿದ್ಯೆ ಕೊಡೋಕೆ. ಇವತ್ತು ಅಲ್ಲಿ ವರ್ಷದ ಶುಲ್ಕ 50 ಸಾವಿರ ಪೌಂಡಿಗಿಂತ ಜಾಸ್ತಿ. ನಡುವೆ ಏನಾಯ್ತು? ಯಾರೂ ಒಂದು ರಾತ್ರಿ ಬಂದು ಶಾಲೆಯನ್ನು ಕದ್ದುಕೊಂಡು ಹೋಗಲಿಲ್ಲ. ಒಳ್ಳೆಯದು ಎಲ್ಲಿದೆಯೋ ಅಲ್ಲಿಗೆ ಉಳ್ಳವರು ಬಂದರು. ಪ್ರತಿಯೊಬ್ಬರಿಗೂ ಅವರವರ ಮಗನ ಒಳಿತೇ ಕಾಣಿಸಿರಬೇಕು. ತಲೆಮಾರುಗಳ ಮೇಲೆ ಲೆಕ್ಕ ಹಾಕಿದಾಗ ಶಾಲೆಯ ಅರ್ಥವೇ ಬದಲಾಗಿತ್ತು.

ನವೋದಯಕ್ಕೂ ಹೀಗೇ ಆಗುತ್ತೆ ಅಂತ ನಾನು ಭವಿಷ್ಯ ಹೇಳ್ತಿಲ್ಲ. ಆದರೆ ವರ್ಕ್ ಫ್ರಮ್ ಹೋಮ್, ಫೈಬರ್ ಕನೆಕ್ಷನ್ ಬಂದ ಮೇಲೆ 'ಹಳ್ಳಿಯಲ್ಲಿ ಓದಿದವರು' ಮತ್ತು 'ಹಳ್ಳಿಯಲ್ಲಿ ಓದಿದ್ದರಿಂದ ಹಿಂದುಳಿದವರು' ಎರಡೂ ಒಂದೇ ಅಲ್ಲ. ನಿಯಮ ಬರೆದ ಕಾಲದಲ್ಲಿ ಬಹುಮಟ್ಟಿಗೆ ಒಂದೇ ಆಗಿದ್ದವು. ಆ ಬಿರುಕಿನಲ್ಲಿ ಮೊದಲು ಕಾಲಿಡುವವನು ನನ್ನಂಥವನೇ.

ಇನ್ನೊಂದು ವಿಷಯ. ನಮ್ಮ ಹವ್ಯಕರ ಮನೆಗಳಲ್ಲಿ ವಾರಾನ್ನದ ಕಥೆ ಹೆಮ್ಮೆಯಿಂದ ಹೇಳ್ತಾರೆ. ಓದೋಕೆ ಪರಊರಿಗೆ ಹೋದ ಮಾಣಿ, ವಾರದ ಏಳು ದಿನ ಏಳು ಮನೆಯಲ್ಲಿ ಉಂಡು, ಕಷ್ಟಪಟ್ಟು ಮೇಲೆ ಬಂದ ಅಂತ. ಕಷ್ಟ ಸುಳ್ಳಲ್ಲ. ಆದರೆ ಆ ಏಳು ಮನೆಯ ಬಾಗಿಲು ತೆರೆದಿದ್ದು ಅವನ ಜಾತಿಗೆ. ಕೊನೆಗೌಡನ ಅಜ್ಜ ಅದೇ ವಯಸ್ಸಿನಲ್ಲಿ ಅದೇ ಮನೆಯ ಅಂಗಳದಾಚೆ ನಿಂತಿರುತ್ತಿದ್ದ. ಅದೂ ಕೋಟಾನೇ, ಯಾರೂ ಫಾರ್ಮ್ ತುಂಬಲಿಲ್ಲ ಅಷ್ಟೇ. ನನ್ನ ಮಗಳ ಅಂಕದಲ್ಲಿ ಅವಳ ಶ್ರಮ ಎಷ್ಟು, ಆ ಏಳು ಮನೆಯ ಊಟ ಎಷ್ಟು ಅಂತ ಬಿಡಿಸಿ ಹೇಳೋ ಸಾಫ್ಟ್‌ವೇರ್ ನನ್ನ ಹತ್ತಿರ ಇಲ್ಲ.

'ಮೆರಿಟೋಕ್ರಸಿ' ಅನ್ನೋ ಪದವನ್ನು ಜನಪ್ರಿಯ ಮಾಡಿದ ಮೈಕೆಲ್ ಯಂಗ್ 1958ರಲ್ಲಿ ಅದನ್ನು ಬಳಸಿದ್ದು ವ್ಯಂಗ್ಯವಾಗಿ, ಎಚ್ಚರಿಕೆಯಾಗಿ. ನಾವು ಅದನ್ನು ಹೊಗಳಿಕೆ ಮಾಡಿಕೊಂಡೆವು. ಮೈಕೆಲ್ ಸ್ಯಾಂಡೆಲ್ 2020ರ ಪುಸ್ತಕದಲ್ಲಿ ದೊಡ್ಡ ವಿಶ್ವವಿದ್ಯಾಲಯಗಳ ಬಗ್ಗೆ ಒಂದು ಸಲಹೆ ಕೊಡ್ತಾರೆ: ಒಂದು ಮಟ್ಟಕ್ಕಿಂತ ಮೇಲಿರುವ ಅರ್ಜಿಗಳನ್ನೆಲ್ಲ ಆರಿಸಿ, ಆಮೇಲೆ ಲಾಟರಿ ಎತ್ತಿ. ಗೆದ್ದವರಿಗೆ ಅದೃಷ್ಟದ ಪಾಲೂ ಇದೆ ಅಂತ ಗೊತ್ತಿರಲಿ ಅಂತ. ನಮ್ಮಲ್ಲಿ ಆರ್‌ಟಿಇ ಸೀಟಿಗೆ ಲಾಟರಿ ಎತ್ತಿದಾಗ ಯಾವ ಅಪ್ಪನೂ 'ನನ್ನ ಮಗು ಅರ್ಹತೆಯಿಂದ ಗೆದ್ದಿತು' ಅಂತ ಮೀಸೆ ತಿರುವಲಿಲ್ಲ. ನವೋದಯದ ಲಿಸ್ಟ್ ಬಂದಾಗ ತಿರುವ್ತೀವಿ.

ಹಾಗಂತ ಅರ್ಜಿ ಹಾಕುವವರನ್ನೆಲ್ಲ ನಾನು ಕಳ್ಳರು ಅನ್ನಲ್ಲ. ಶಿರಸಿ ಪೇಟೆಯಲ್ಲಿ ಮನೆ ಇಟ್ಟುಕೊಂಡು, ಮಗುವಿನ ಹೆಸರು ಮಾತ್ರ ಹಳ್ಳಿ ಶಾಲೆಯ ಹಾಜರಿಯಲ್ಲಿ ಇಟ್ಟರೆ ಅದು ಮೋಸ. ಊರಿನಲ್ಲೇ ಬದುಕಿ, ಎರಡು ಎಕರೆ ತೋಟದಲ್ಲಿ ಏಗುತ್ತ, ಮಗಳನ್ನು ನವೋದಯಕ್ಕೆ ಬರೆಸಿದರೆ ಅದು ಹಕ್ಕು. ನಾನಿರೋದು ಇವೆರಡರ ಮಧ್ಯೆ. ಇಂಥ ಕಡೆ ನಿಯಮ ಸುಮ್ಮನಾಗುತ್ತೆ, ನಮ್ಮನ್ನು ನಾವೇ ಕೇಳಿಕೊಳ್ಳಬೇಕಾಗುತ್ತೆ. ನಾನು ಕೇಳಿಕೊಂಡಿದ್ದು ಎರಡು. ಈ ಬಾಗಿಲು ಮುಚ್ಚಿದರೆ ನನ್ನ ಮಗುವಿಗೆ ಬೇರೆ ಬಾಗಿಲು ಇದೆಯಾ? ಇದೆ, ಶಿರಸಿಯ ಒಳ್ಳೆ ಹೈಸ್ಕೂಲಿಗೆ ಬಸ್ಸಿನಲ್ಲಿ ಕಳಿಸಬಲ್ಲೆ. ನನ್ನಂಥವರೆಲ್ಲ ಹೀಗೇ ಮಾಡಿದರೆ ಈ ಶಾಲೆ ಯಾರಿಗಾಗಿ ಹುಟ್ಟಿತೋ ಅವರಿಗೆ ಉಳಿಯುತ್ತಾ? ಉಳಿಯಲ್ಲ.

ಅರ್ಜಿ ಹಾಕಲಿಲ್ಲ. ಹೆಂಡತಿ ಒಪ್ಪಿದ್ದಾಳೆ, ಪೂರ್ತಿ ಒಪ್ಪಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣ್ತೀನಿ, ಆದರೆ ಲೆಕ್ಕ ತಪ್ಪಾಗುತ್ತೆ. ನಾನು ಬಿಟ್ಟ ಜಾಗ ಕೊನೆಗೌಡನ ಮಗನಿಗೇ ಸಿಗುತ್ತೆ ಅನ್ನೋಕೆ ಯಾವ ಆಧಾರವೂ ಇಲ್ಲ. ಅವನು ಹುಡುಗ, ಇವಳು ಹುಡುಗಿ. ಸೀಟಿನ ಹಂಚಿಕೆಯೇ ಬೇರೆ ಇರಬಹುದು. ಘಟ್ಟದ ಕೆಳಗೆ ವರ್ಷವಿಡೀ ಕೋಚಿಂಗ್ ತೆಗೆದುಕೊಂಡ ಯಾವುದೋ ಮಗುವಿಗೆ ಹೋಗಬಹುದು. ಬಿಟ್ಟುಕೊಟ್ಟರೆ ನನ್ನ ಕೈ ತೊಳೆದ ಹಾಗಾಗುತ್ತೆ, ಇನ್ನೊಬ್ಬರ ಹೊಟ್ಟೆ ತುಂಬಲ್ಲ. ಅದಕ್ಕೇ ಈಗ ಸಂಜೆ ಹೊತ್ತು ನಮ್ಮ ಜಗುಲಿಯಲ್ಲಿ ಐದು ಮಕ್ಕಳಿಗೆ ಆಕೃತಿ ಪ್ರಶ್ನೆ ಹೇಳಿಕೊಡ್ತೀನಿ. ಇದು ದೊಡ್ಡ ಸಮಾಜಸೇವೆ ಏನಲ್ಲ. ಟ್ಯಾಬಿನಿಂದ ನನ್ನ ಮಗಳಿಗೆ ಸಿಕ್ಕಿದ್ದನ್ನು ಕಾಗದದ ಮೇಲೆ ಉಳಿದವರಿಗೂ ದಾಟಿಸೋದು, ಅಷ್ಟೇ. ಅವನು ಎರಡೇ ವಾರದಲ್ಲಿ ಹಿಡಿದುಕೊಂಡ.

ಮಗಳೂ ಅಲ್ಲೇ ಕೂತಿರ್ತಾಳೆ. ಮೊನ್ನೆ ಕೇಳಿದಳು, "ಅಪ್ಪಾ, ನಂಗೂ ಎಲ್ಲಾ ಬರ್ತು. ನಾನ್ಯಾಕೆ ಬರೀಲಾಗ?" ಇಲ್ಲಿ ಬರೆದಿದ್ದನ್ನೇ ಅವಳಿಗೆ ಅರ್ಥವಾಗುವ ಹಾಗೆ ಹೇಳಿದೆ. ನಮ್ಮನೆಯಲ್ಲಿ ಇರೋದು, ಅವರ ಮನೆಯಲ್ಲಿ ಇಲ್ಲದ್ದು, ಎಲ್ಲ. ಅವಳು ಸುಮಾರು ಹೊತ್ತು ಯೋಚನೆ ಮಾಡಿ, "ಹಂಗಾರೆ ಅಂವ ಪಾಸಾಗ್ದೇ ಹೋದ್ರೆ?" ಅಂದಳು.

ಅವನು ಪಾಸಾಗದೇ ಹೋದರೂ ನನ್ನ ತೀರ್ಮಾನ ಸರಿಯೇ ಅಂತ ನನ್ನ ನಂಬಿಕೆ. ಯಾಕೆಂದರೆ ನಾನು ತೀರ್ಮಾನಿಸಿದ್ದು ಅವನ ಫಲಿತಾಂಶವನ್ನಲ್ಲ, ನನ್ನ ಪಾಲನ್ನು. ಆದರೆ ಆ ದಿನ ಬಂದರೆ, ಅದನ್ನು ಹತ್ತು ವರ್ಷದ ಎರಡು ಮಕ್ಕಳ ಎದುರು ಕೂತು ಹೇಳಬೇಕಾಗುತ್ತೆ. ಅವಳಿಗೆ ಅದು ನ್ಯಾಯ ಅನಿಸುತ್ತೋ ಇಲ್ಲವೋ, ಅವಳು ದೊಡ್ಡವಳಾದ ಮೇಲೆ ಅವಳೇ ಹೇಳಲಿ.