ಎಣಿಕೆಯೂ ಹಿಂಸೆಯೂ

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ವೇಷಭೂಷಣಗಳ ಹಂಗಿಲ್ಲದೆ ಬರಿಯ ಮಾತಿನಿಂದಲೇ ಕಾಡನ್ನೂ ಕೋಟೆಯನ್ನೂ ರಾಕ್ಷಸರನ್ನೂ ಎದುರಿಗೆ ತಂದು ನಿಲ್ಲಿಸಿಕೊಂಡು ಆಡುವ ಆಟವೊಂದು ಈಗ ಲೋಕದ ನಾನಾ ಕಡೆ ಹಬ್ಬಿದೆ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕನ್ನರು 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಈ ಬಗೆಯ ಆಟಗಳಿಗೆ ಮೊದಲನೆಯದು. ತಾಳಮದ್ದಳೆಯನ್ನು ಬಲ್ಲ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳ ಜನರಿಗೆ ಇದರ ಸ್ವರೂಪವನ್ನು ಬಹಳವಾಗಿ ವಿವರಿಸಬೇಕಾದುದಿಲ್ಲ. ಅಲ್ಲಿ ಕಥೆಯನ್ನು ಭಾಗವತರು ನಡೆಸುವಂತೆ ಇಲ್ಲಿ ಒಬ್ಬ ಸೂತ್ರಧಾರನು ನಡೆಸುತ್ತಾನೆ. ಅಲ್ಲಿ ಅರ್ಥಧಾರಿಗಳು ಆಶುವಾಗಿ ಮಾತು ಹೂಡುವಂತೆ ಇಲ್ಲಿ ಆಟಗಾರರು ಹೂಡುತ್ತಾರೆ. ಭೇದವೊಂದೇ ಆದರೂ ಅದು ದೊಡ್ಡದು. ತಾಳಮದ್ದಳೆಯ ಕರ್ಣನು ಎಷ್ಟು ಸೊಗಸಾಗಿ ವಾದಿಸಿದರೂ ಪ್ರಸಂಗದ ಪದ್ಯ ಅವನ ಮರಣವನ್ನು ಮೊದಲೇ ಗೊತ್ತುಮಾಡಿರುತ್ತದೆ. ಈ ಆಟದಲ್ಲಾದರೋ ಉಳಿಯುವವನಾರು, ಅಳಿಯುವವನಾರು ಎಂಬುದು ಇಪ್ಪತ್ತು ಮುಖದ ದಾಳವು ಉರುಳಿ ನಿಲ್ಲುವ ತನಕ ಸೂತ್ರಧಾರನಿಗೂ ತಿಳಿಯದು.

ಪದ್ಯದ ಆಧಾರವಿಲ್ಲದ ಕಡೆ ಲೆಕ್ಕದ ಆಧಾರ ಬೇಕಾಗುತ್ತದೆ. ಕಾಳಗ ಆರಂಭವಾಯಿತೆಂದರೆ ಪ್ರತಿಯೊಬ್ಬ ಯೋಧನೂ ದಾಳವನ್ನೆಸೆದು ತನ್ನ ಸರದಿಯನ್ನು ಪಡೆಯಬೇಕು. ಆರು ಸೆಕೆಂಡುಗಳಿಗೆ ಸಮಾನವೆಂದು ಭಾವಿಸಲಾದ ಒಂದೊಂದು ಸುತ್ತಿನಲ್ಲೂ ಆ ಸರದಿಯಂತೆಯೇ ಹೊಡೆಯಬೇಕು. ಏಟು ತಗಲಿದಂತೆಲ್ಲ ‘ಹಿಟ್ ಪಾಯಿಂಟ್’ ಎಂಬ ಪ್ರಾಣಾಂಕವನ್ನು ಕಳೆಯಬೇಕು. ವಿಷವೇರಿದವನಾರು, ಕಣ್ಣುಕತ್ತಲೆಗೊಂಡವನಾರು, ಆ ಅವಸ್ಥೆ ಇನ್ನೆಷ್ಟು ಸುತ್ತು ಉಳಿದಿದೆ ಎಂಬುದನ್ನೆಲ್ಲ ನೆನಪಿಡಬೇಕು. ಹತ್ತು ಹನ್ನೆರಡು ಮಂದಿ ಕೂಡಿ ಕಾದುವ ಪ್ರಸಂಗದಲ್ಲಿ ಸೂತ್ರಧಾರನ ಬುದ್ಧಿಯೆಲ್ಲವೂ ಕೂಡಿಸಿ ಕಳೆಯುವುದರಲ್ಲಿಯೇ ಸವೆದು ಕಥೆ ಸೊರಗುತ್ತದೆಯಾದುದರಿಂದ, ಈ ಲೆಕ್ಕವನ್ನು ಮೊಬೈಲಿನ ಆ್ಯಪ್‌ಗೆ ವಹಿಸುವ ಪದ್ಧತಿ ಬಂದಿದೆ. ಉಜಿರೆಯಲ್ಲೋ ಮೂಡುಬಿದಿರೆಯಲ್ಲೋ ಓದುವ ತರುಣನೊಬ್ಬನು ಅಂಥದೊಂದನ್ನು ರಚಿಸಲು ಕುಳಿತನೆಂದು ಭಾವಿಸೋಣ. ಸರದಿಯ ಪಟ್ಟಿ ಹೆಬ್ಬೆರಳಿಗೆ ನಿಲುಕುವಂತಿರಬೇಕು, ತಪ್ಪಿ ಒತ್ತಿದುದನ್ನು ಹಿಂದೆಗೆಯಲು ಅನುಕೂಲವಿರಬೇಕು, ಅಂಕಿಗಳು ಮಂದಬೆಳಕಿನಲ್ಲಿಯೂ ಸ್ಫುಟವಾಗಿ ಕಾಣಬೇಕು: ಇವೆಲ್ಲ ಕೇವಲ ತಂತ್ರದ ಮಾತುಗಳು. ಆದರೆ ಅಂಕಿ ಇಳಿದಿಳಿದು ಸೊನ್ನೆಯನ್ನು ಮುಟ್ಟುವ ಸ್ಥಾನಕ್ಕೆ ಬಂದಾಗ ಅವನು ತನಗೆ ಅರಿವಿಲ್ಲದೆಯೇ ಧರ್ಮವಿಚಾರದ ಅಂಗಳಕ್ಕೆ ಕಾಲಿಡುತ್ತಾನೆ. ಸೊನ್ನೆ ಬಂದೊಡನೆ ಆ ಹೆಸರನ್ನು ಯಂತ್ರವು ತಾನೇ ಅಳಿಸಿಬಿಡಬಹುದೆ?

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಸತ್ತವನು ಕಲ್ಪನೆಯ ರಾಕ್ಷಸ, ಹರಿದುದು ಇಲ್ಲದ ನೆತ್ತರು; ಇದರಲ್ಲಿ ಪಾಪಪುಣ್ಯಗಳ ಚರ್ಚೆ ಏಕೆ? ನಮ್ಮ ಕಡೆಯ ಕಲೆಯೂ ಈ ಪಕ್ಷಕ್ಕೆ ಸಾಕ್ಷಿ ನುಡಿಯುವಂತೆ ತೋರುತ್ತದೆ. ತಾಳಮದ್ದಳೆಯ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ರಾವಣನ ಅರ್ಥವನ್ನು ಹೇಳಿದಾಗ ಸೀತಾಪಹರಣದ ದೋಷ ಅವರಿಗೆ ತಗಲಿತೆಂದು ಯಾವ ಆಸ್ತಿಕನೂ ಶಂಕಿಸಲಿಲ್ಲ. ಲೋಕದ ಕ್ರೋಧ ಬೇರೆ, ರಂಗದ ರೌದ್ರ ಬೇರೆ ಎಂಬ ವಿವೇಕವನ್ನು ನಮ್ಮ ರಸಶಾಸ್ತ್ರ ಬಹು ಹಿಂದೆಯೇ ಸ್ಥಾಪಿಸಿದೆ. ಅದನ್ನು ಓದದ ಹಳ್ಳಿಯ ಪ್ರೇಕ್ಷಕನೂ ಆಟ ಮುಗಿದ ಬೆಳಗಿನಲ್ಲಿ ಮಹಿಷಾಸುರನ ವೇಷಧಾರಿಯೊಡನೆ ಚಹ ಕುಡಿಯುತ್ತಾ ಅದನ್ನು ಆಚರಿಸಿ ತೋರಿಸುತ್ತಾನೆ.

ಆದರೆ ಜೈನಪರಂಪರೆ ಕಾಪಾಡಿಕೊಂಡು ಬಂದ ಕಥೆಯೊಂದು ಇದಕ್ಕೆ ಎದುರಾಗಿ ನಿಲ್ಲುತ್ತದೆ. ಹದಿಮೂರನೆಯ ಶತಮಾನದ ಆದಿಯಲ್ಲಿ ಜನ್ನನು ರಚಿಸಿದ ‘ಯಶೋಧರ ಚರಿತೆ’ಯಲ್ಲಿ, ಅನಿಷ್ಟದ ಶಾಂತಿಗಾಗಿ ಪ್ರಾಣಿಬಲಿಯನ್ನು ಕೊಡಬೇಕೆಂದು ತಾಯಿ ಚಂದ್ರಮತಿ ಹಠ ಹಿಡಿಯಲು, ಕೊಲೆಗೆ ಹೇಸಿದ ಅರಸ ಯಶೋಧರನು ತಾಯ ಮಾತನ್ನೂ ಮೀರಲಾರದೆ, ಹಿಟ್ಟಿನಿಂದ ಮಾಡಿದ ಕೋಳಿಯನ್ನು ಕಡಿಯಲು ಒಪ್ಪುತ್ತಾನೆ. ಕತ್ತಿ ತಗಲಿದುದು ಹಿಟ್ಟಿಗೆ. ಆದರೂ ಆ ಕರ್ಮದ ಫಲವಾಗಿ ತಾಯಿಮಕ್ಕಳಿಬ್ಬರೂ ನವಿಲಾಗಿ, ನಾಯಾಗಿ, ಇನ್ನೂ ಹಲವು ಪ್ರಾಣಿಗಳಾಗಿ ಹುಟ್ಟಿ, ಕೊಂದು, ಕೊಲ್ಲಿಸಿಕೊಂಡು ಬಳಲಬೇಕಾಗುತ್ತದೆ. ನಮ್ಮ ಕಾಲದಲ್ಲಿ ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಈ ವಸ್ತುವನ್ನೇ ಮತ್ತೆ ಕೈಗೆತ್ತಿಕೊಂಡರು. ಕೋಳಿ ಅಂಕದ ನಾಡಿನಲ್ಲಿ ಕುಳಿತು ಓದುವವನಿಗಂತೂ ಈ ಕಥೆ ಬರಿಯ ಪುರಾಣವಾಗಿ ಉಳಿಯುವುದು ಕಷ್ಟ.

ಹಾಗಾದರೆ ರಾವಣನ ಅರ್ಥಧಾರಿಗೆ ತಗಲದ ದೋಷ ಯಶೋಧರನಿಗೆ ತಗಲಿದುದು ಹೇಗೆ? ಇಬ್ಬರ ಹಿಂಸೆಯೂ ಕಲ್ಪಿತವೇ. ಜೈನದರ್ಶನ ದ್ರವ್ಯಹಿಂಸೆ, ಭಾವಹಿಂಸೆ ಎಂದು ಭೇದ ಮಾಡುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹಿಂಸೆಯ ಲಕ್ಷಣವನ್ನು ಹೇಳುವಲ್ಲಿ ಪ್ರಾಣಹಾನಿಯನ್ನು ಮಾತ್ರ ಹೇಳಿ ನಿಲ್ಲದೆ, ಅದು ಪ್ರಮಾದದಿಂದ, ಎಂದರೆ ಅಂತರಂಗದ ಎಚ್ಚರಗೇಡಿನಿಂದ ಒದಗಿರಬೇಕೆಂದೂ ವಿಧಿಸುತ್ತದೆ. ಯಶೋಧರನು ಕೊಲೆಯ ಫಲವನ್ನು ಬಯಸಿ, ಕೊಲೆಯ ಹೊಣೆಯನ್ನು ಮಾತ್ರ ಹಿಟ್ಟಿನ ಮರೆಯಲ್ಲಿ ತಪ್ಪಿಸಿಕೊಳ್ಳಲೆಳಸಿದನು. ತನ್ನ ವಿವೇಕ ಬೇಡವೆಂದುದನ್ನು ಕೈಗೆ ಒಪ್ಪಿಸಿ ಕಣ್ಣು ಮುಚ್ಚಿಕೊಂಡನು. ಅರ್ಥಧಾರಿಯಾದರೋ ರಾವಣನ ಒಂದೊಂದು ಮಾತನ್ನೂ ತೂಗಿ ಆಡುತ್ತಾನೆ. ಅಧರ್ಮದ ಒಳಗನ್ನು ಹೊಕ್ಕು, ಅದರ ತರ್ಕವನ್ನು ಬಿಚ್ಚಿ, ತಾನೂ ಕಂಡು ಸಭೆಗೂ ಕಾಣಿಸುತ್ತಾನೆ. ಒಬ್ಬನದು ನಿದ್ರೆ, ಇನ್ನೊಬ್ಬನದು ಜಾಗರ. ಆದುದರಿಂದ ಕಲ್ಪಿತ ಹಿಂಸೆ ದೋಷವೋ ನಿರ್ದೋಷವೋ ಎಂಬುದು ಕಲ್ಪನೆಯಿಂದ ತೀರ್ಮಾನವಾಗತಕ್ಕದ್ದಲ್ಲ; ಕಲ್ಪಿಸುವವನ ಎಚ್ಚರದಿಂದ ತೀರ್ಮಾನವಾಗತಕ್ಕದ್ದು.

ಹೀಗೆಂದ ಮಾತ್ರಕ್ಕೆ ಎಣಿಕೆಯೇ ಎಚ್ಚರಕ್ಕೆ ವೈರಿಯೆಂದು ಭಾವಿಸಲಾಗದು. ಮೂಡುಬಿದಿರೆಯ ಗುರುಬಸದಿಯಲ್ಲಿ ಶತಮಾನಗಳ ಕಾಲ ತಾಳೆಯೋಲೆಗಳಲ್ಲಿ ರಕ್ಷಿತವಾಗಿದ್ದು, 1939ರಿಂದ ಹೀರಾಲಾಲ ಜೈನರ ಸಂಪಾದನದಲ್ಲಿ ಮುದ್ರಣಗೊಂಡು ಬೆಳಕಿಗೆ ಬಂದ ‘ಧವಲಾ’ ಎಂಬ ಮಹಾಟೀಕೆಯನ್ನು ನೋಡಿದವರಿಗೆ, ಆತ್ಮವಿಚಾರವೂ ಗಣಿತವೂ ಎಷ್ಟು ಅನ್ಯೋನ್ಯವಾಗಿ ಬೆರೆಯಬಲ್ಲವೆಂಬುದು ತಿಳಿಯುತ್ತದೆ. ಒಂದು ಸಂಖ್ಯೆಯನ್ನು ಎಷ್ಟು ಬಾರಿ ಅರ್ಧಿಸಬಹುದೆಂಬ ‘ಅರ್ಧಚ್ಛೇದ’ದ ಲೆಕ್ಕವನ್ನೂ ಅನಂತದ ಪ್ರಭೇದಗಳನ್ನೂ ವೀರಸೇನಾಚಾರ್ಯರು ಅಲ್ಲಿ ಉಪಯೋಗಿಸಿದುದು ಜೀವ ಮತ್ತು ಕರ್ಮಗಳ ವಿಚಾರಕ್ಕಾಗಿಯೇ. ಕರ್ಮಬಂಧಕ್ಕೆ ಸಿದ್ಧಾಂತವು ನಾಲ್ಕು ಮುಖಗಳನ್ನು ಹೇಳುತ್ತದೆ: ಯಾವ ಬಗೆಯದೆಂಬ ಪ್ರಕೃತಿ, ಎಷ್ಟು ಕಾಲದ್ದೆಂಬ ಸ್ಥಿತಿ, ಎಷ್ಟು ತೀವ್ರವೆಂಬ ಅನುಭಾಗ, ಎಷ್ಟು ಪ್ರಮಾಣದ್ದೆಂಬ ಪ್ರದೇಶ. ನಮ್ಮ ತರುಣನ ಆ್ಯಪ್ ಇರಿಸುವ ಲೆಕ್ಕವೂ ವಿಚಿತ್ರವಾಗಿ ಇದೇ ಜಾಡಿನಲ್ಲಿದೆ: ತಗಲಿದ ಅವಸ್ಥೆ ವಿಷವೋ ಭಯವೋ, ಅದು ಎಷ್ಟು ಸುತ್ತು ನಿಲ್ಲುವುದು, ಎಷ್ಟು ಉಗ್ರವಾದುದು, ಅದರಿಂದ ಎಷ್ಟು ಅಂಕ ಕಳೆಯಿತು.

ಆದರೆ ಸಿದ್ಧಾಂತ ಇಷ್ಟಕ್ಕೆ ನಿಲ್ಲುವುದಿಲ್ಲ. ಮನೋವಾಕ್ಕಾಯಗಳ ಚಲನೆಯಿಂದ ಪ್ರಕೃತಿ ಮತ್ತು ಪ್ರದೇಶಗಳು ಉಂಟಾದರೆ, ಸ್ಥಿತಿ ಮತ್ತು ಅನುಭಾಗಗಳು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಉಂಟಾಗುತ್ತವೆಂದು ಅದು ಹೇಳುತ್ತದೆ. ಎಂದರೆ, ಕೈ ಮಾಡಿದುದು ಎಷ್ಟೇ ಇರಲಿ, ಅದು ಅಂಟಿಕೊಂಡಿರುವ ಕಾಲವನ್ನೂ ಸುಡುವ ಬಿಸಿಯನ್ನೂ ನಿರ್ಣಯಿಸುವುದು ಹೃದಯ. ಯಂತ್ರದ ಎಣಿಕೆಗೂ ಶಾಸ್ತ್ರದ ಎಣಿಕೆಗೂ ಇರುವ ಅಂತರ ಇಲ್ಲಿದೆ. ಏಟನ್ನು ಮಾತ್ರ ಎಣಿಸಬಲ್ಲ ಯಂತ್ರಕ್ಕೆ ಏಟು ಹಾಕಿದವನ ಇಂಗಿತ ತಿಳಿಯಬೇಕಾದರೆ ಅದು ಅವನನ್ನೇ ಕೇಳಬೇಕು. ಕೇಳಲು ಒಂದು ಗಳಿಗೆ ನಿಲ್ಲಬೇಕು.

ಆಶ್ಚರ್ಯವೆಂದರೆ ಆಟದ ನಿಯಮವೇ ಆ ಗಳಿಗೆಯನ್ನು ಒದಗಿಸಿಟ್ಟಿದೆ. ಈಗ ಬಹುವಾಗಿ ಬಳಕೆಯಲ್ಲಿರುವ ಐದನೆಯ ಆವೃತ್ತಿಯ ಪ್ರಕಾರ, ಹತ್ತಿರದಿಂದ ಹೊಡೆದ ಏಟಿನಿಂದ ಎದುರಾಳಿಯ ಪ್ರಾಣಾಂಕ ಸೊನ್ನೆಗೆ ಇಳಿದರೆ, ಅವನನ್ನು ಕೊಲ್ಲದೆ ಮೂರ್ಛೆಗೊಳಿಸಿ ಬಿಡುವ ಅಧಿಕಾರ ಹೊಡೆದವನಿಗೆ ಉಂಟು. ಆದರೆ ಆ ನಿಶ್ಚಯವನ್ನು ಅವನು ಆ ಕ್ಷಣದಲ್ಲಿಯೇ ಮಾಡತಕ್ಕದ್ದು. ಆಟಗಾರನ ಪಾತ್ರವೇ ಸೊನ್ನೆಗಿಳಿದರೆ ಒಡನೆ ಮರಣವಿಲ್ಲ. ಸರದಿ ಬಂದಾಗಲೆಲ್ಲ ದಾಳವನ್ನೆಸೆದು, ಮೂರು ಬಾರಿ ಗೆದ್ದರೆ ಪ್ರಾಣ ನಿಲ್ಲುತ್ತದೆ, ಮೂರು ಬಾರಿ ಸೋತರೆ ಹೋಗುತ್ತದೆ. ಸಾಮಾನ್ಯ ಶತ್ರುವಿಗೆ ಈ ಅವಕಾಶವನ್ನು ಸೂತ್ರಧಾರರು ಪ್ರಾಯಶಃ ಕೊಡುವುದಿಲ್ಲ. ಸೊನ್ನೆ ಬಂದ ಹೆಸರನ್ನು ತಾನಾಗಿ ಅಳಿಸುವ ಆ್ಯಪ್ ಹಾಗಾಗಿ ಬರಿಯ ಲೆಕ್ಕ ಮಾಡಿದಂತಾಗಲಿಲ್ಲ. ನಿಯಮವು ಮನುಷ್ಯನಿಗೆಂದು ಮೀಸಲಿಟ್ಟ ದಯೆಯ ಅವಕಾಶವನ್ನು ತಾನು ತೀರಿಸಿಬಿಟ್ಟಿತು, ಮತ್ತು ತೀರಿಸಿದುದು ಯಾರಿಗೂ ತಿಳಿಯದಂತೆ ತೀರಿಸಿತು.

ಬೆಳ್ತಂಗಡಿ ತಾಲೂಕಿನವರಿಗೆ ಆ ಕ್ಷಣದ ಬೆಲೆಯನ್ನು ನೆನಪಿಸುವ ಮೂರ್ತಿಗಳು ಎರಡಿವೆ: 1604ರಲ್ಲಿ ತಿಮ್ಮಣ್ಣಾಜಿಲನು ವೇಣೂರಿನಲ್ಲಿ ನಿಲ್ಲಿಸಿದ ಬಾಹುಬಲಿ, 1982ರಲ್ಲಿ ಧರ್ಮಸ್ಥಳದಲ್ಲಿ ಪ್ರತಿಷ್ಠಿತನಾದ ಬಾಹುಬಲಿ. ಆದಿಪುರಾಣದ ಕಥೆಯಲ್ಲಿ ಭರತ ಬಾಹುಬಲಿಗಳ ಸೈನ್ಯಗಳು ಎದುರಾದಾಗ, ನಿರಪರಾಧಿಗಳ ಕೊಲೆಯನ್ನು ತಪ್ಪಿಸುವುದಕ್ಕಾಗಿ ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಸ್ಪರ್ಧೆಗಳನ್ನು ಏರ್ಪಡಿಸಿದರು. ನಿಯಮಬದ್ಧವಾಗಿ, ಎಣಿಕೆಗೆ ಒಳಪಟ್ಟು, ಎಲ್ಲರ ಸಮಕ್ಷದಲ್ಲಿ ನಡೆದ ಆ ಯುದ್ಧದಲ್ಲಿ ಮೂರನ್ನೂ ಗೆದ್ದವನು ಬಾಹುಬಲಿ. ಲೆಕ್ಕ ಇಡುವವನ ಪಟ್ಟಿಯಲ್ಲಿ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಅಣ್ಣ ಭರತನನ್ನು ಮೇಲೆತ್ತಿದ ಆ ಕೈ ಅವನನ್ನು ನೆಲಕ್ಕೆ ಅಪ್ಪಳಿಸದೆ ತಡೆದುದರಿಂದಲೇ ಅವನು ಬಾಹುಬಲಿಯಾದನು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ‘ಭರತೇಶ ವೈಭವ’ದಲ್ಲಿ ಆ ಯುದ್ಧವನ್ನೇ ನಡೆಯಗೊಡದೆ, ಭರತನ ಮೃದುವಾದ ಮಾತುಗಳಿಂದಲೇ ತಮ್ಮನ ಮನಸ್ಸನ್ನು ಒಲಿಸಿದನು. ಒಬ್ಬ ಕವಿ ಗೆಲುವಿನ ತುದಿಯಲ್ಲಿ ದಯೆಗೆ ಎಡೆಮಾಡಿದರೆ ಇನ್ನೊಬ್ಬನು ಮೊದಲ ಏಟಿಗೂ ಮುಂಚೆಯೇ ಎಡೆಮಾಡಿದನು.

ಇದಕ್ಕೆ ಆಕ್ಷೇಪವಿಲ್ಲದಿಲ್ಲ. ವೇಗಕ್ಕಾಗಿಯೇ ಯಂತ್ರವನ್ನು ತಂದುಕೊಂಡವರು ಒಬ್ಬೊಬ್ಬ ಪುಂಡ ಬಿದ್ದಾಗಲೂ ಧರ್ಮಚಿಂತನೆಗೆ ಕುಳಿತರೆ ಆಟ ಸಾಗುವುದು ಹೇಗೆ? ಆಕ್ಷೇಪ ನ್ಯಾಯವಾದುದೇ. ಸರದಿಯನ್ನು ಕಾಯುವುದರಲ್ಲಿ, ಕೂಡಿಸಿ ಕಳೆಯುವುದರಲ್ಲಿ ಯಂತ್ರವು ಮನುಷ್ಯನಿಗಿಂತ ನಿಷ್ಪಕ್ಷಪಾತಿ. ಅದಕ್ಕೆ ಸ್ನೇಹಿತನ ಪಾತ್ರವೆಂಬ ಮಮತೆಯೂ ಇಲ್ಲ, ಸೋತವನ ಮೇಲಿನ ಹಗೆಯೂ ಇಲ್ಲ. ಆ ಕೆಲಸವೆಲ್ಲ ಧಾರಾಳವಾಗಿ ಅದರ ಪಾಲಿಗಿರಲಿ. ಉಳಿಸಿಕೊಳ್ಳಬೇಕಾದುದು ಒಂದೇ ಒಂದು ನಿಲುಗಡೆ: ಅಂಕಿ ಸೊನ್ನೆಗೆ ಬಂದಾಗ ಹೆಸರು ಪಟ್ಟಿಯಲ್ಲಿಯೇ ಇದ್ದು, ಕೊಂದೆಯೋ, ಕೆಡವಿ ಬಿಟ್ಟೆಯೋ ಎಂದು ಹೊಡೆದವನನ್ನು ಕೇಳುವ ಎರಡು ಗುಂಡಿಗಳು ಕಾಣಿಸಿಕೊಳ್ಳಲಿ. ಒತ್ತುವುದಕ್ಕೆ ಬೇಕಾದುದು ಅರೆನಿಮಿಷವೂ ಅಲ್ಲ. ಆಟದ ಓಟಕ್ಕೆ ಅದರಿಂದ ಕುಂದಿಲ್ಲ. ಹತ್ತರಲ್ಲಿ ಒಂಬತ್ತು ಬಾರಿ ಆಟಗಾರನು ಯೋಚಿಸದೆಯೇ ಮೊದಲನೆಯದನ್ನು ಒತ್ತಬಹುದು. ಆದರೂ ಅದು ಅವನು ಒತ್ತಿದುದಾಗಿರುತ್ತದೆ. ಹತ್ತನೆಯ ಬಾರಿ ಬೆರಳು ತಡೆದರೆ ಆ ತಡೆಯೂ ಅವನದೇ ಆಗಿರುತ್ತದೆ. ಲೆಕ್ಕವನ್ನು ಯಂತ್ರಕ್ಕೆ ಒಪ್ಪಿಸಿದವನು ಭಾರವನ್ನು ಇಳಿಸಿಕೊಂಡನು ಅಷ್ಟೆ. ನಿಶ್ಚಯವನ್ನೂ ಒಪ್ಪಿಸಿದವನು, ಯಶೋಧರನು ಹಿಟ್ಟಿನ ಮರೆಯನ್ನು ಹುಡುಕಿದಂತೆ, ಗಾಜಿನ ಮರೆಯನ್ನು ಹುಡುಕಿದಂತಾಯಿತು.