24 ಯೂನಿಟ್ಟಿನ ದಿಗ್ವ್ರತ

ಬಸದಿಯ ಅಂಗಳ, ಮದುವೆ ಹಾಲ್, ಸೊಸೈಟಿಯ ಮೆಟ್ಟಿಲು, ಎಲ್ಲಿ ಕಾರು ನಿಲ್ಲಿಸಿದರೂ ಕೇಳುವುದು ಒಂದೇ. "ಒಮ್ಮೆ ಚಾರ್ಜ್ ಮಾಡಿದ್ರೆ ಎಷ್ಟು ಹೋಗ್ತದೆ ಮಾಷ್ಟ್ರೇ?" ಇನ್ನೂರು ಅನ್ನುತ್ತೇನೆ. ಕೇಳಿದವರ ಮುಖ ಸಪ್ಪಗಾಗುತ್ತದೆ. "ಅಷ್ಟೆಯಾ? ಹಾಗಾದ್ರೆ ಬೆಂಗಳೂರಿಗೆ ಹೋಗ್ಲಿಕ್ಕೆ ಆಗುದಿಲ್ಲ." ಹೀಗೆ ಹೇಳುವವರು ಬೆಂಗಳೂರಿಗೆ ಹೋಗುವುದು ವರ್ಷಕ್ಕೆ ಒಂದೆರಡು ಸಲ, ಅದೂ ರಾತ್ರಿ ಬಸ್ಸಿನಲ್ಲಿ ಮಲಗಿಕೊಂಡು. ದಿನವೂ ಓಡುವುದು ಮೂಡುಬಿದಿರೆಯಿಂದ ಮಂಗಳೂರಿಗೆ. ಹೋಗಿ ಬಂದರೆ ಎಪ್ಪತ್ತು ಕಿಲೋಮೀಟರು.

ನನ್ನದು ಸಣ್ಣ ಕಾರು. ಬ್ಯಾಟರಿ 24 ಕಿಲೋವ್ಯಾಟ್-ಅವರ್, ಅಂದರೆ ಕರೆಂಟ್ ಬಿಲ್ಲಿನ ಭಾಷೆಯಲ್ಲಿ 24 ಯೂನಿಟ್. ಕಂಪನಿಯ ಕಾಗದದಲ್ಲಿ ಮುನ್ನೂರು ದಾಟಿದ ಅಂಕಿ ಇದೆ. ಅದನ್ನು ಸುಳ್ಳೆನ್ನಲಾರೆ. ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ಕಾರು ನಿಲ್ಲಿಸಿ, ಗಂಟೆಗೆ 90 ಕಿಲೋಮೀಟರ್ ಮೀರದ ಗೊತ್ತಾದ ವೇಗಕ್ರಮದಲ್ಲಿ ಓಡಿಸಿ ಅಳೆದ ಅಂಕಿ ಅದು. ಉರುಳೆಗೆ ನಮ್ಮೂರಿನ ಏರುತಗ್ಗು ಗೊತ್ತಿಲ್ಲ, ಏಪ್ರಿಲ್ ತಿಂಗಳ ಸೆಕೆಗೆ ಎ.ಸಿ. ಹಾಕದೆ ಕೂರಲಾಗದ ನಮ್ಮ ಅವಸ್ಥೆಯೂ ಗೊತ್ತಿಲ್ಲ. ಯೂನಿಟ್ಟಿಗೆ ಎಂಟು ಕಿಲೋಮೀಟರ್ ಎಂದು ಹಿಡಿದರೆ ಇಲ್ಲಿ ಲೆಕ್ಕ ಸರಿಹೋಗುತ್ತದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟವನಿಗೆ ಇಂಥ ಲೆಕ್ಕ ಮಾಡುತ್ತ ಕೂರುವುದೇ ಒಂದು ಸುಖ.

ಆದರೆ ಎಷ್ಟು ದೂರ ಹೋಗುತ್ತದೆ ಎಂದು ಕೇಳುವ ಮೊದಲು ಎಷ್ಟು ದೂರ ಹೋಗಬೇಕು ಎಂದು ತೀರ್ಮಾನಿಸಿಕೊಳ್ಳಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ. ಹಾಗೆ ತೀರ್ಮಾನಿಸುವುದಕ್ಕೊಂದು ವ್ರತವನ್ನೇ ಇಟ್ಟಿದ್ದಾರೆ. ಜೈನ ಶ್ರಾವಕನಿಗೆ ಐದು ಅಣುವ್ರತಗಳಾದ ಮೇಲೆ ಮೂರು ಗುಣವ್ರತಗಳು. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ನಾಲ್ಕು ದಿಕ್ಕು, ನಾಲ್ಕು ಮೂಲೆ, ಮೇಲೆ, ಕೆಳಗೆ, ಹೀಗೆ ಹತ್ತೂ ಕಡೆಗೆ ಗಡಿ ಹಾಕಿಕೊಂಡು ಬದುಕಿರುವಷ್ಟು ಕಾಲ ಅದನ್ನು ದಾಟದಿರುವುದು. ಗಡಿಯನ್ನು ಹೇಗೆ ಗುರುತಿಸಬೇಕೆಂದು ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳುತ್ತಾರೆ: ಎಲ್ಲರೂ ಬಲ್ಲ ಸಮುದ್ರ, ನದಿ, ಕಾಡು, ಬೆಟ್ಟ, ನಾಡು, ಇಲ್ಲವೇ ಇಷ್ಟು ಯೋಜನ ಎಂಬ ಲೆಕ್ಕ.

ನನ್ನ ಅಜ್ಜಿ, ಅಮ್ಮನ ಅಮ್ಮ, ಈ ವ್ರತ ತೆಗೆದುಕೊಂಡಿದ್ದರು. ಪಡುವಣಕ್ಕೆ ಕಡಲು, ತೆಂಕಣಕ್ಕೆ ಚಂದ್ರಗಿರಿ ಹೊಳೆ, ಬಡಗಣಕ್ಕೆ ಬಾರಕೂರು, ಮೂಡಣಕ್ಕೆ ಬೆಳ್ಗೊಳ. ಮೇಲಕ್ಕೆ ಬೆಳ್ಗೊಳದ ದೊಡ್ಡಬೆಟ್ಟ, ಗೊಮ್ಮಟನ ಪಾದದವರೆಗೆ. ಕೆಳಕ್ಕೆ ಮನೆಯ ಬಾವಿಯ ತಳ. ಸಣ್ಣ ಮಾವ ಬೊಂಬಾಯಿಯಲ್ಲಿ ಹೋಟೆಲು ಇಟ್ಟು, ಮನೆ ಮಾಡಿ, ಒಕ್ಕಲಿಗೆ ಕರೆಯಲು ತಾವೇ ಬಂದರು. ಅಜ್ಜಿ ತೆಂಗಿನಕಾಯಿ, ಹಪ್ಪಳ, ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು, ಹೋಗಲಿಲ್ಲ. "ಬಾರಕೂರಿಂದ ಆಚೆ ನನಗೆ ಊರೇ ಇಲ್ಲ ಮಗಾ" ಅಂದರು. ಮಾವನಿಗೆ ಸಿಟ್ಟು ಬಂದದ್ದು ಹೌದು. ಅಜ್ಜಿ ಮಾತ್ರ ಎಂದಿನಂತೆ ಸಂಜೆ ಸೂರ್ಯ ಮುಳುಗುವ ಮೊದಲು ಊಟ ಮುಗಿಸಿ ಮಲಗಿದರು.

ಗಡಿಯಾಚೆ ಕಾಲಿಡದವನು ಅಲ್ಲಿ ಸಣ್ಣ ಪಾಪವನ್ನೂ ಮಾಡುವುದಿಲ್ಲ. ಆದ್ದರಿಂದ ಆ ಜಾಗದ ಮಟ್ಟಿಗೆ ಗೃಹಸ್ಥನ ಅಣುವ್ರತ ಮುನಿಯ ಮಹಾವ್ರತಕ್ಕೆ ಸಮನಾಗುತ್ತದೆ ಎನ್ನುತ್ತಾರೆ ಸಮಂತಭದ್ರರು. ಮೊದಲ ಓದಿಗೆ ಇದು ಲೆಕ್ಕದ ಜಾಣತನದಂತೆ ಕಾಣುತ್ತದೆ. ಹೋಗದ ಊರಿನಲ್ಲಿ ಕಳ್ಳತನ ಮಾಡಲಿಲ್ಲವೆಂದು ಹೆಚ್ಚುಗಾರಿಕೆಯೇ? ನನಗೆ ಅನಿಸುವುದು ಬೇರೆ. ಆಸೆಗೆ ಕಾಲಿಗಿಂತ ಉದ್ದದ ನಡಿಗೆ. ಕಾಲಿನ ಗಡಿ ಗೊತ್ತಾದರೆ ಆಸೆ ಅರ್ಧದಾರಿಯಲ್ಲಿ ತಿರುಗಿ ನೋಡುತ್ತದೆ. ಭರತ ಚಕ್ರವರ್ತಿಯ ಕಥೆ ಕನ್ನಡಿಗರಿಗೆ ಪಂಪನಿಂದ ಗೊತ್ತು. ದಿಗ್ವಿಜಯ ಮುಗಿಸಿ ವೃಷಭಾಚಲದ ಮೇಲೆ ಹೆಸರು ಕೆತ್ತಿಸಹೊರಟರೆ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬೆಟ್ಟವೇ ತುಂಬಿಹೋಗಿತ್ತು. ಒಬ್ಬನ ಹೆಸರು ಅಳಿಸಿ ತನ್ನದನ್ನು ಬರೆಸಬೇಕಾಯಿತು. ಕಾರಿನ ಜಾಹೀರಾತು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ನಾನೂರೈವತ್ತು, ಐನೂರು, ಆರುನೂರು. ದಿಗ್ವಿಜಯಕ್ಕೆ ಹೊರಟವನಿಗೆ ಹೇಳಿದ ಅಂಕಿಗಳು ಅವು, ಮಂಗಳೂರಿಗೆ ಹೋಗಿ ಬರುವವನಿಗಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅಜ್ಜಿಯ ಕಾಲದ ಮಾತಾಯಿತು. ನನ್ನ ಕಾಲು ಬೆಳ್ಗೊಳದಲ್ಲಿ ನಿಂತರೂ ನನ್ನ ದುಡ್ಡು ಅಲ್ಲಿ ನಿಲ್ಲುವುದಿಲ್ಲ. ಬ್ಯಾಟರಿಯಲ್ಲಿ ಒಂದು ಕಿಲೋವ್ಯಾಟ್-ಅವರ್‌ಗೆ ಸುಮಾರು ನೂರು ಗ್ರಾಂ ಲಿಥಿಯಂ ಬೇಕು. ಜಗತ್ತಿನ ಲಿಥಿಯಂನ ದೊಡ್ಡ ಪಾಲು ಆಸ್ಟ್ರೇಲಿಯದ ಬಂಡೆಗಳಿಂದಲೂ ಚಿಲಿ ದೇಶದ ಅಟಕಾಮ ಎಂಬ ಮರುಭೂಮಿಯ ಉಪ್ಪುನೀರಿನಿಂದಲೂ ಬರುತ್ತದೆ. ಹನಿ ಮಳೆಗೆ ಬಾಯಿಬಿಡುವ ಆ ನೆಲದಡಿಯಿಂದ ಉಪ್ಪುನೀರನ್ನು ಎತ್ತಿ ದೊಡ್ಡ ಹೊಂಡಗಳಲ್ಲಿ ಬಿಸಿಲಿಗೆ ಆರಿಸುತ್ತಾರೆ. ಕೆಲವು ಬಗೆಯ ಬ್ಯಾಟರಿಗೆ ಕೋಬಾಲ್ಟ್ ಬೇಕು. ಅದರ ಬಹುಪಾಲು ಕಾಂಗೋ ದೇಶದ್ದು. ಅಲ್ಲಿನ ಕೈಗಣಿಗಳಲ್ಲಿ ಮಕ್ಕಳು ದುಡಿಯುವುದು ಲೋಕಕ್ಕೇ ಗೊತ್ತಿರುವ ಸಂಗತಿ. ಗಡಿಯಾಚೆ ನಾನು ಹೋಗಲಿಲ್ಲ, ನಿಜ. ಗಡಿಯಾಚೆಯದನ್ನು ತರಿಸಿಕೊಂಡೆ.

ತತ್ತ್ವಾರ್ಥಸೂತ್ರ ಬರೆದ ಉಮಾಸ್ವಾಮಿಗಳಿಗೆ ಇದು ಹೊಳೆಯದೆ ಇರಲಿಲ್ಲ. ಸ್ವಲ್ಪ ಕಾಲಕ್ಕೆಂದು ಹಾಕಿಕೊಳ್ಳುವ ಸಣ್ಣ ಗಡಿ ದೇಶವ್ರತ. ಅದಕ್ಕೆ ಐದು ಅತಿಚಾರಗಳನ್ನು, ಅಂದರೆ ವ್ರತಕ್ಕೆ ತಗಲುವ ದೋಷಗಳನ್ನು, ಅವರು ಪಟ್ಟಿ ಮಾಡುತ್ತಾರೆ. ಮೊದಲನೆಯದೇ ಆನಯನ: ತಾನು ಗಡಿಯೊಳಗೆ ಕೂತು ಹೊರಗಿನ ವಸ್ತುವನ್ನು ತರಿಸುವುದು. ಎರಡನೆಯದು ಪ್ರೇಷ್ಯಪ್ರಯೋಗ: ತನ್ನ ಬದಲು ಆಳನ್ನು ಕಳಿಸುವುದು. ಮಿಕ್ಕವು ಕೂಗಿ ಕರೆಯುವುದು, ಮುಖ ತೋರಿಸಿ ಸನ್ನೆ ಮಾಡುವುದು, ಕಲ್ಲೆಸೆದು ತಿಳಿಸುವುದು. ಮನುಷ್ಯನ ಉಪಾಯಗಳನ್ನು ಇಷ್ಟು ಚೆನ್ನಾಗಿ ಬಲ್ಲವರು ಶಾಸ್ತ್ರ ಬರೆದರೆ ಓದಲು ಬೇಸರವೇ ಆಗುವುದಿಲ್ಲ. ಆನ್‌ಲೈನಿನಲ್ಲಿ ತರಿಸಿಕೊಳ್ಳುವ ನಮ್ಮ ಬದುಕೇ ಆನಯನ.

ಹಾಗೆಂದು ಕಾರನ್ನೇ ಬಿಡಬೇಕೆ? ಬಿಡುವವರು ಮುನಿಗಳು, ಅವರು ಬರಿಗಾಲಲ್ಲಿ ಮುಂದಿನ ನಾಲ್ಕು ಮೊಳ ನೆಲ ನೋಡುತ್ತ ನಡೆಯುತ್ತಾರೆ. ಅವರಲ್ಲೂ ಪ್ರಶ್ನೆಗಳು ಇಲ್ಲದಿಲ್ಲ. ವಿದ್ಯುತ್ತು ಜೀವವಿರುವ ಅಗ್ನಿಯೋ ಅಲ್ಲವೋ ಎಂದು ಶ್ವೇತಾಂಬರ ಸಾಧುಗಳಲ್ಲಿ ದೊಡ್ಡ ಚರ್ಚೆಯೇ ನಡೆದು, ತೇರಾಪಂಥದ ಆಚಾರ್ಯ ಮಹಾಪ್ರಜ್ಞರು ನಿರ್ಜೀವವೆಂದು ವಾದಿಸಿದರೆ ಬೇರೆಯವರು ಒಪ್ಪಲಿಲ್ಲ. ಗೃಹಸ್ಥನಿಗೆ ಶಾಸ್ತ್ರ ಬೇರೆ ದಾರಿ ಕೊಟ್ಟಿದೆ. ಬದುಕಿಗೆ ಬೇಕಾಗಿ ಆಗುವ ಹಿಂಸೆಯನ್ನು ಕಡಿಮೆ ಮಾಡು. ಯಾತಕ್ಕೂ ಬೇಡದ ಹಿಂಸೆಯನ್ನು ಪೂರ್ತಿ ಬಿಡು. ಈ ಎರಡನೆಯದಕ್ಕೆ ಅನರ್ಥದಂಡ ಎಂದು ಹೆಸರು, ಅದನ್ನು ಬಿಡುವುದೂ ಒಂದು ಗುಣವ್ರತ.

ಈಗ ಬ್ಯಾಟರಿಗೆ ಬನ್ನಿ. 60 ಕಿಲೋವ್ಯಾಟ್-ಅವರ್ ಮೀರಿದ ಬ್ಯಾಟರಿ ಸುಮಾರು ನಾನೂರು ಕಿಲೋ ತೂಗುತ್ತದೆ. ದಿನಕ್ಕೆ ಎಪ್ಪತ್ತು ಕಿಲೋಮೀಟರ್ ಓಡುವವನು ಅದರಲ್ಲಿ ಹತ್ತು ಯೂನಿಟ್ ಬಳಸಿ, ಉಳಿದ ಐವತ್ತನ್ನು ವರ್ಷಪೂರ್ತಿ ಹೊತ್ತು ತಿರುಗುತ್ತಾನೆ. ಹೊರುವುದಕ್ಕೂ ಕರೆಂಟು ಬೇಕು. ಎಂಟು ವರ್ಷ ಕಳೆದ ಮೇಲೆ, ಒಮ್ಮೆಯೂ ಪೂರ್ತಿ ಉಪಯೋಗಕ್ಕೆ ಬಾರದೆ, ಅದರ ಶಕ್ತಿ ತಾನಾಗಿ ಕುಂದಿರುತ್ತದೆ. ಲಿಥಿಯಂ ಬ್ಯಾಟರಿ ಓಡಿದರೂ ಸವೆಯುತ್ತದೆ, ನಿಂತರೂ ಸವೆಯುತ್ತದೆ. ಆ ಐವತ್ತು ಯೂನಿಟ್ಟಿಗಾಗಿ ಅಗೆದ ನೆಲ, ಬತ್ತಿಸಿದ ನೀರು ಯಾರ ಪ್ರಯಾಣಕ್ಕೂ ಒದಗಲಿಲ್ಲ. ಅನರ್ಥದಂಡಕ್ಕೆ ಇದಕ್ಕಿಂತ ಶುದ್ಧ ಉದಾಹರಣೆ ನನಗೆ ಸಿಕ್ಕಿಲ್ಲ.

ತುಂಬಿಸುವುದರಲ್ಲೂ ಮಿತಿ ಇದೆ. ನಿಕ್ಕಲ್-ಕೋಬಾಲ್ಟ್ ಬಗೆಯ ಬ್ಯಾಟರಿಯನ್ನು ದಿನನಿತ್ಯಕ್ಕೆ ಎಂಬತ್ತು ಶೇಕಡಾದಲ್ಲಿ ನಿಲ್ಲಿಸಿದರೆ ಒಳ್ಳೆಯದು. ಪೂರ್ತಿ ತುಂಬಿ ಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸಿದರೆ ಆಯುಸ್ಸು ಕಡಿಮೆಯಾಗುತ್ತದೆ. ಪೂರ್ತಿ ಬರಿದಾಗಲು ಬಿಡುವುದೂ ಒಳ್ಳೆಯದಲ್ಲ. ಇದನ್ನು ಹಿಡಿದುಕೊಂಡು ಕೆಲವರು ಮಧ್ಯಮಮಾರ್ಗದ ಉಪದೇಶ ಶುರುಮಾಡುತ್ತಾರೆ. ಸ್ವಲ್ಪ ತಡೆಯಬೇಕು. ಕೋಬಾಲ್ಟ್ ಇಲ್ಲದ ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯಲ್ಲಿ ಚಾರ್ಜು ಹೆಚ್ಚುಕಡಿಮೆಯಾದರೂ ವೋಲ್ಟೇಜು ಹೆಚ್ಚು ಬದಲಾಗುವುದಿಲ್ಲ. ಎಷ್ಟು ಉಳಿದಿದೆ ಎಂದು ಕಾರಿನ ಲೆಕ್ಕದ ಯಂತ್ರಕ್ಕೆ ತಿಳಿಯುವುದು ಕಷ್ಟ. ಅದಕ್ಕೇ ಆಗಾಗ ನೂರಕ್ಕೆ ತುಂಬಿಸಿ ಎಂದು ಅಂಥ ಕಾರುಗಳ ಕೈಪಿಡಿ ಹೇಳುತ್ತದೆ. ವ್ರತದ ದಿನಗಳಾದ ಅಷ್ಟಮಿ, ಚತುರ್ದಶಿಗೆ ಒಂದು ನಿಯಮ, ಉಳಿದ ದಿನಗಳಿಗೆ ಇನ್ನೊಂದು ಇದ್ದ ಹಾಗೆ. ನಿಯಮ ಪಾಲಿಸುವವನು ಮೊದಲು ತನ್ನ ಬ್ಯಾಟರಿ ಯಾವ ಜಾತಿಯದೆಂದು ಕೇಳಿ ತಿಳಿದುಕೊಳ್ಳಲಿ.

ಚಾರ್ಮಾಡಿಯಲ್ಲಿ ಇಳಿಯುವಾಗ ಇನ್ನೊಂದು ಸಂಗತಿ ನೋಡಬಹುದು. ಮೂಡಿಗೆರೆಯಲ್ಲಿ ಎಂಬತ್ತಕ್ಕೆ ನಿಲ್ಲಿಸಿ ಹೊರಟು ಕೊಟ್ಟಿಗೆಹಾರ ದಾಟಿದರೆ, ಆ ತಿರುವುಗಳಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದದ್ದೇ ಮೋಟರು ಡೈನಮೋ ಆಗುತ್ತದೆ. ಘಾಟಿಯ ಬುಡಕ್ಕೆ ಬರುವಾಗ ಮೀಟರು ಮೂರು ನಾಲ್ಕು ಶೇಕಡಾ ಮೇಲೇರಿರುತ್ತದೆ. ನೂರಕ್ಕೆ ತುಂಬಿಸಿ ಹೊರಟರೆ ಬಂದ ಕರೆಂಟಿಗೆ ಜಾಗವಿಲ್ಲ. ಬೆಟ್ಟ ಕೊಟ್ಟದ್ದೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತದೆ.

ಹೆದ್ದಾರಿ ಬದಿಯ ಫಾಸ್ಟ್ ಚಾರ್ಜರುಗಳಲ್ಲಿ ಮನುಷ್ಯರನ್ನು ನೋಡಬೇಕು. ಹಾಸನದ ಹತ್ತಿರ ಒಬ್ಬ ಹುಡುಗ ಎಂಬತ್ತಾದ ಮೇಲೂ ಗನ್ ತೆಗೆಯಲಿಲ್ಲ. ಎಂಬತ್ತರ ನಂತರ ಚಾರ್ಜು ನಿಧಾನ. ಕೊನೆಯ ಇಪ್ಪತ್ತಕ್ಕೆ ಹಿಡಿಯುವ ಹೊತ್ತಿನಲ್ಲಿ ಇನ್ನೊಂದು ಕಾರು ಅರ್ಧ ತುಂಬುತ್ತದೆ. ಹಿಂದೆ ಎರಡು ಕಾರು ಕಾಯುತ್ತಿದ್ದವು, ಒಂದರಲ್ಲಿ ಎಳೆ ಮಗು. ಎಲ್ಲಿಗೆ ಹೋಗುವುದೆಂದು ಕೇಳಿದೆ. "ಸಕಲೇಶಪುರ ಅಂಕಲ್. ಆದ್ರೂ ಇರ್ಲಿ ಅಂತ." ಸಕಲೇಶಪುರ ಅಲ್ಲಿಂದ ನಲವತ್ತು ಕಿಲೋಮೀಟರು. ಪರಿಗ್ರಹ ಎಂದು ಶಾಸ್ತ್ರ ಹೇಳುವ ಕೂಡಿಡುವ ಆಸೆಯೆಂದರೆ ಆ "ಇರ್ಲಿ ಅಂತ"ವೇ.

ಇದನ್ನೆಲ್ಲ ಬೆಂಗಳೂರಿನಲ್ಲಿರುವ ಮಗಳ ಹತ್ತಿರ ಹೇಳಿದರೆ ಅವಳು ನಗುತ್ತಾಳೆ. "ಇದು ವ್ರತ ಅಲ್ಲ ಪಪ್ಪ, ಗತಿ ಇಲ್ಲದ್ದು. ನಾಳೆ ಸಾವಿರ ಕಿಲೋಮೀಟರಿನ ಬ್ಯಾಟರಿ ಅಗ್ಗಕ್ಕೆ ಸಿಕ್ಕಿದ್ರೆ ನಿಮ್ಮ ದಿಗ್ವ್ರತ ಎಲ್ಲಿರ್ತದೆ?" ಮಾತು ಸರಿಯಾಗಿಯೇ ನಾಟಿತು. ಯಂತ್ರ ಹಾಕಿದ ಗಡಿಗೂ ಮನಸ್ಸು ಹಾಕಿಕೊಂಡ ಗಡಿಗೂ ವ್ಯತ್ಯಾಸವಿಲ್ಲವೆಂದರೆ ಕಾಲು ಮುರಿದವರೆಲ್ಲ ವ್ರತಿಗಳೇ. ಆದರೆ ಉತ್ತರ ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮಲ್ಲಿ ಅಕಾಮನಿರ್ಜರೆ ಎಂಬ ವಿಚಾರ ಇದೆ. ಸೆರೆಯಲ್ಲಿ ಸಿಕ್ಕಿದವನು ಬೇರೆ ದಾರಿಯಿಲ್ಲದೆ ಹಸಿವು, ಬಾಯಾರಿಕೆ ತಾಳಿಕೊಂಡರೂ ಒಂದಿಷ್ಟು ಕರ್ಮ ಕಳೆಯುತ್ತದೆ ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಅದು ಮೋಕ್ಷಕ್ಕೆ ಮುಟ್ಟಿಸದು. ಹಾಗೆಂದು ಸೊನ್ನೆಯೂ ಅಲ್ಲ. ಚಾರ್ಜರಿನ ಬಳಿ ಗಂಟೆ ಹೊತ್ತು ಕಾಯುವವನಿಗೆ, ಇನ್ನೂರರೊಳಗೆ ದಿನ ಹೊಂದಿಸಿಕೊಳ್ಳುವವನಿಗೆ ಅಷ್ಟರಮಟ್ಟಿನ ಅಭ್ಯಾಸ ಆಗುತ್ತದೆ. ಆಮೇಲೆ ಆ ಗಡಿಯನ್ನು ತನ್ನದಾಗಿ ಮಾಡಿಕೊಳ್ಳುವುದು ಅವನವನಿಗೆ ಬಿಟ್ಟದ್ದು. ದೊಡ್ಡ ಬ್ಯಾಟರಿಗಳು ಅಗ್ಗವಾಗಿಯೇ ಆಗುತ್ತವೆ. ಮಂಡ್ಯ ಜಿಲ್ಲೆಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಇದೆಯೆಂದು 2021ರಲ್ಲಿ ಅಂದಾಜು ಹೇಳಿದ್ದಾರೆ. ಅದನ್ನು ಅಗೆಯಲು ಹೊರಟರೆ ಆನಯನದ ಪ್ರಶ್ನೆ ಅಟಕಾಮದಿಂದ ನಮ್ಮ ಹೊಸಿಲಿಗೇ ಬರುತ್ತದೆ. ಆಗ ನೋಡದ ಹಾಗಿರುವುದು ಕಷ್ಟ.

ನಾನು ಅಜ್ಜಿಯಂತೆ ಬದುಕಿನುದ್ದಕ್ಕೂ ವ್ರತ ತೆಗೆದುಕೊಂಡಿಲ್ಲ, ಅಷ್ಟು ಗಟ್ಟಿಗನಲ್ಲ. ಚಾತುರ್ಮಾಸ್ಯದಲ್ಲಿ ಮಾತ್ರ ಘಾಟಿ ಹತ್ತುವುದಿಲ್ಲ. ಟ್ಯಾಕ್ಸಿ ಓಡಿಸಿ ಸಂಸಾರ ಸಾಕುವವರಿಗೆ, ವಾರವಾರ ರೋಗಿಯನ್ನು ದೂರದ ಆಸ್ಪತ್ರೆಗೆ ಕರೆದೊಯ್ಯುವವರಿಗೆ ನಾನೂರು ಕಿಲೋಮೀಟರಿನ ಬ್ಯಾಟರಿ ನ್ಯಾಯವೇ. ಇಷ್ಟೇ ಇರಬೇಕೆಂದು ದಿಗ್ವ್ರತ ಯಾರಿಗೂ ಅಂಕಿ ಹೇಳಿಕೊಟ್ಟಿಲ್ಲ. ಗಡಿ ನಿಮ್ಮದು. ಆದ್ದರಿಂದ ಕಾರು ಕೊಳ್ಳಲು ಹೊರಟವರಲ್ಲಿ ನನ್ನದೊಂದು ವಿನಂತಿ. ಶೋರೂಮಿಗೆ ಹೋಗುವ ಮೊದಲು ಮನೆಯಲ್ಲಿ ಕೂತು, ಹೋದ ವರ್ಷ ನಿಜವಾಗಿ ಎಲ್ಲೆಲ್ಲಿಗೆ ಹೋದಿರೆಂದು ಊರಿನ ಹೆಸರು ಹಿಡಿದು ಬರೆಯಿರಿ, ಮೂಡಣ, ಪಡುವಣ, ತೆಂಕಣ, ಬಡಗಣ. ಆ ಚೀಟಿ ಜೇಬಿನಲ್ಲಿಟ್ಟುಕೊಂಡು ಹೋಗಿ, ಅದಕ್ಕೆ ಸಾಕಾಗುವ ಬ್ಯಾಟರಿ ಕೇಳಿ.